ಮುಚ್ಚಿದ ಪೆಟ್ಟಿಗೆಯ ಪುಟ್ಟ ರಾಕ್ಷಸರು

ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ರಟ್ಟಿನ ಪೆಟ್ಟಿಗೆ. ಅದರ ಹೊರಮೈಮೇಲೆ 12 ವಿಚಿತ್ರ ಪ್ರಾಣಿಗಳ ಚಿತ್ರಗಳನ್ನು ಅಚ್ಚುಮಾಡಿರುತ್ತಾರೆ. ಒಂದಕ್ಕೆ ಮೊಲದ ಕಿವಿ ಮತ್ತು ಗರಗಸದಂಥ ಹಲ್ಲು. ಇನ್ನೊಂದಕ್ಕೆ ಒಂದೇ ಕಣ್ಣು. ಮತ್ತೊಂದಕ್ಕೆ ಕೊಂಬು ಮತ್ತು ಬಾಲ. ಪೆಟ್ಟಿಗೆಯ ಒಳಗಿರುವುದಾದರೋ ಈ 12ರಲ್ಲಿ ಒಂದೇ ಒಂದು ಗೊಂಬೆ. ಅದು ಯಾವುದೆಂಬುದು, ಹಣ ಕೊಟ್ಟು ಮುಚ್ಚಳವನ್ನು ಹರಿಯುವವರೆಗೆ, ಕೊಂಡವನಿಗೂ ತಿಳಿಯದು, ಮಾರಿದವನಿಗೂ ತಿಳಿಯದು.

ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಬ್ಲೈಂಡ್ ಬಾಕ್ಸ್ ಎಂದು ಹೆಸರು. ನಾವು ಇದನ್ನು ಮುಚ್ಚುಪೆಟ್ಟಿಗೆ ಎಂದು ಕರೆಯೋಣ. ಇಂಥ ಪೆಟ್ಟಿಗೆಗಳನ್ನು ಕೊಂಡು ಪುಟ್ಟ ರಾಕ್ಷಸರ ಪೂರ್ಣಮಾಲೆಯನ್ನು ಕೂಡಿಸುವ ಹವ್ಯಾಸವು ಜಪಾನ್, ಚೀನಾ, ಯುರೋಪು ಮತ್ತು ಅಮೆರಿಕಗಳಲ್ಲಿ ಬಹು ದೊಡ್ಡದಾಗಿ ಬೆಳೆದಿದೆ. ಈ ಹವ್ಯಾಸವನ್ನು ಕುರಿತು ವಾಚಕರನ್ನು ಒಂದು ಪ್ರಶ್ನೆ ಕೇಳಬಹುದು. 12 ಗೊಂಬೆಗಳೂ ಸಮಾನವಾಗಿ ಬೆರೆತಿವೆ ಎಂದು ಭಾವಿಸಿ, ಒಂದೊಂದೇ ಪೆಟ್ಟಿಗೆಯನ್ನು ಕೊಳ್ಳುತ್ತ ಹೋದರೆ, ಎಲ್ಲ 12 ಗೊಂಬೆಗಳೂ ಕೈಗೆ ಸೇರಲು ಸರಾಸರಿ ಎಷ್ಟು ಪೆಟ್ಟಿಗೆಗಳನ್ನು ಕೊಳ್ಳಬೇಕಾದೀತು? ಹೆಚ್ಚಿನವರು 15 ಎಂದೋ 20 ಎಂದೋ ಹೇಳುತ್ತಾರೆ. ಸರಿಯಾದ ಉತ್ತರ 37. ಊಹೆಗೂ ಉತ್ತರಕ್ಕೂ ನಡುವೆ ಇರುವ ಈ ಅಂತರದಲ್ಲಿಯೇ ಮುಚ್ಚುಪೆಟ್ಟಿಗೆಯ ವ್ಯಾಪಾರದ ಗುಟ್ಟು ಬಹುಮಟ್ಟಿಗೆ ಅಡಗಿದೆ. ಆ ಗುಟ್ಟನ್ನು ಬಿಡಿಸಲು ಪ್ರೌಢಶಾಲೆಯ ಗಣಿತವೇ ಸಾಕು.

ರಾಕ್ಷಸರು ಬಂದ ದಾರಿ

ಮೊದಲು ಈ ಗೊಂಬೆಗಳ ಚರಿತ್ರೆಯನ್ನು ಸ್ವಲ್ಪ ನೋಡೋಣ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಮಿಠಾಯಿಯನ್ನೋ ಆಟದ ವಸ್ತುವನ್ನೋ ಉದುರಿಸುವ ಯಂತ್ರಗಳು ಅಮೆರಿಕದಲ್ಲಿ ಬಹುಕಾಲದಿಂದ ಇದ್ದುವು. 1965ರಲ್ಲಿ ಅವು ಜಪಾನಿಗೆ ಬಂದುವು. ಅಲ್ಲಿ ಗೊಂಬೆಯನ್ನು ಪ್ಲಾಸ್ಟಿಕ್ಕಿನ ಗುಂಡು ಡಬ್ಬಿಯೊಂದರಲ್ಲಿ ಅಡಗಿಸಿ ಮಾರುವ ಪದ್ಧತಿ ನೆಲೆಯೂರಿತು. ಹಿಡಿ ತಿರುಗುವಾಗ ಆಗುವ ‘ಗಾಚಾ’ ಎಂಬ ಸದ್ದು, ಡಬ್ಬಿ ಬೀಳುವಾಗ ಆಗುವ ‘ಪೊನ್’ ಎಂಬ ಸದ್ದು ಇವೆರಡೂ ಕೂಡಿ ಆ ಯಂತ್ರಕ್ಕೆ ‘ಗಾಚಾಪೊನ್’ ಎಂಬ ಹೆಸರಾಯಿತು. 1966ರಲ್ಲಿ ಆರಂಭವಾದ ‘ಅಲ್ಟ್ರಾಮನ್’ ಎಂಬ ದೂರದರ್ಶನ ಕಥಾಮಾಲೆಯಿಂದ ದೈತ್ಯ ಮೃಗಗಳ ಹುಚ್ಚು ಜಪಾನಿನ ಮಕ್ಕಳಲ್ಲಿ ಹರಡಿತ್ತು. ಆ ಮೃಗಗಳ ಕಿರುರೂಪಗಳು ಇಂಥ ಡಬ್ಬಿಗಳ ಮೂಲಕ ಮಕ್ಕಳ ಕೈಗೆ ಬಂದುವು. ಅವುಗಳನ್ನು ‘ಅಳಿಸುವ ರಬ್ಬರು’ ಎಂದು ಕರೆಯುತ್ತಿದ್ದರೂ, ಸೀಸದ ಕಡ್ಡಿಯ ಗೆರೆಯನ್ನು ಅಳಿಸುವುದರಲ್ಲಿ ಅವು ಅಷ್ಟೇನೂ ಪ್ರಯೋಜನಕಾರಿಯಾಗಿರಲಿಲ್ಲ. ಹೆಸರು ಶಾಲೆಯ ಸಾಮಾನಿನದು; ಕೆಲಸ ಆಟದ ಸಾಮಾನಿನದು.

1977ರಲ್ಲಿ ಬಂದಾಯ್ ಎಂಬ ಪ್ರಸಿದ್ಧ ಆಟಿಕೆಯ ಸಂಸ್ಥೆ ಈ ವ್ಯಾಪಾರಕ್ಕೆ ಇಳಿಯಿತು. 1983ರಿಂದ ಅದು ‘ಕಿನ್ನಿಕುಮನ್’ ಎಂಬ ಚಿತ್ರಕಥೆಯ ಜಟ್ಟಿಗಳ ಕಿರುಗೊಂಬೆಗಳನ್ನು ಹೊರತಂದಿತು. ಮನುಷ್ಯರೂಪದವು, ಮೃಗರೂಪದವು, ಯಂತ್ರರೂಪದವು, ಹೀಗೆ ಆ ಮಾಲೆಯಲ್ಲಿ 418 ಬಗೆಗಳಿದ್ದುವು. ಇವೇ ಗೊಂಬೆಗಳು 1985ರಲ್ಲಿ ಮ್ಯಾಟೆಲ್ ಸಂಸ್ಥೆಯ ಮೂಲಕ ಅಮೆರಿಕವನ್ನು ತಲುಪಿದುವು. ಅಲ್ಲಿ ಅವಕ್ಕೆ ಇಟ್ಟ ಉದ್ದನೆಯ ಹೆಸರಿನ ಅರ್ಥ ‘ಎಲ್ಲೆಲ್ಲೂ ಹೊಂಚುತ್ತಿರುವ ಲಕ್ಷಾಂತರ ವಿಚಿತ್ರ ಕಿರುಜೀವಿಗಳು’ ಎಂದಾಗುತ್ತದೆ. 1990ರಲ್ಲಿ ಬಂದ ‘ಮಾನ್‌ಸ್ಟರ್ ಇನ್ ಮೈ ಪಾಕೆಟ್’ ಎಂಬ ಮಾಲೆಯಾದರೋ ನಾನಾ ದೇಶಗಳ ಪುರಾಣ ಮತ್ತು ಕಥೆಗಳಿಂದ 48 ಭೂತ ರಾಕ್ಷಸರನ್ನು ಆರಿಸಿ, ಜೇಬಿನಲ್ಲಿ ಹಾಕಿಕೊಳ್ಳುವಷ್ಟು ಚಿಕ್ಕದಾಗಿ ಎರಕ ಹೊಯ್ದಿತು.

ಇತ್ತೀಚಿನ ಹುಚ್ಚಿಗೆ ಕೇಂದ್ರವಾದದ್ದು ಚೀನಾ. 2010ರಲ್ಲಿ ವಾಂಗ್ ನಿಂಗ್ ಎಂಬಾತನು ಬೀಜಿಂಗಿನಲ್ಲಿ ಸ್ಥಾಪಿಸಿದ ಪಾಪ್ ಮಾರ್ಟ್ ಎಂಬ ಅಂಗಡಿಯು 2016ರಿಂದ ತನ್ನದೇ ಆದ ಮುಚ್ಚುಪೆಟ್ಟಿಗೆಗಳನ್ನು ಮಾರತೊಡಗಿತು. ಹಾಂಗ್‌ಕಾಂಗಿನಲ್ಲಿ ಹುಟ್ಟಿ ನೆದರ್ಲೆಂಡ್ಸಿನಲ್ಲಿ ಬೆಳೆದ ಕಾಸಿಂಗ್ ಲುಂಗ್ ಎಂಬ ಕಲಾವಿದನು, ಉತ್ತರ ಯುರೋಪಿನ ಜನಪದ ಕಥೆಗಳಿಂದ ಸ್ಫೂರ್ತಿ ಪಡೆದು, 2015ರಲ್ಲಿ ಚಿತ್ರಪುಸ್ತಕಗಳಿಗಾಗಿ ರಾಕ್ಷಸರ ಒಂದು ಪರಿವಾರವನ್ನು ಸೃಷ್ಟಿಸಿದ್ದನು. ಅದರಲ್ಲಿ ‘ಲಬುಬು’ ಎಂಬ, ನೆಟ್ಟ ಕಿವಿಯ, ಚೂಪುಹಲ್ಲಿನ, ತುಂಟನಗೆಯ ಜೀವಿಯೊಂದು. 2019ರಲ್ಲಿ ಅದು ಪಾಪ್ ಮಾರ್ಟಿನ ಪೆಟ್ಟಿಗೆಯನ್ನು ಸೇರಿತು. 2024 ಮತ್ತು 2025ರಲ್ಲಿ ಜಗತ್ತಿನ ಅನೇಕ ನಗರಗಳಲ್ಲಿ ಜನರು ಅದಕ್ಕಾಗಿ ಸಾಲುಗಟ್ಟಿ ನಿಂತರು. 2025ರ ಜೂನಿನಲ್ಲಿ ಮನುಷ್ಯನಷ್ಟು ಎತ್ತರದ ಲಬುಬು ಒಂದನ್ನು ಬೀಜಿಂಗಿನ ಹರಾಜಿನಲ್ಲಿ 10 ಲಕ್ಷದ 80 ಸಾವಿರ ಯುವಾನುಗಳಿಗೆ ಕೂಗಿ ಕೊಂಡರು.

ಆದರೆ ಲಕ್ಷಗಟ್ಟಲೆ ಜನರು ಕೊಂಡದ್ದು ಹರಾಜಿನ ಗೊಂಬೆಯನ್ನಲ್ಲ, ಪುಟ್ಟ ಪೆಟ್ಟಿಗೆಯನ್ನು. ಆದುದರಿಂದ ನಾವೂ ಪೆಟ್ಟಿಗೆಗೇ ಹಿಂದಿರುಗೋಣ.

ಕಾಯುವಿಕೆಯ ಲೆಕ್ಕ

ಮಾಲೆಯಲ್ಲಿ 12 ಗೊಂಬೆಗಳಿವೆ. ಪ್ರತಿಯೊಂದು ಪೆಟ್ಟಿಗೆಯಲ್ಲಿಯೂ ಇವುಗಳಲ್ಲಿ ಯಾವುದೊಂದಾದರೂ ಇರುವ ಸಂಭವ ಸಮಾನವಾಗಿದೆ ಎಂದಿಟ್ಟುಕೊಳ್ಳೋಣ. ಮೊದಲನೆಯ ಪೆಟ್ಟಿಗೆಯಲ್ಲಿ ಏನೇ ಬಂದರೂ ಅದು ಹೊಸದೇ. ಎರಡನೆಯ ಹೊಸ ಗೊಂಬೆಗಾಗಿ ಪೆಟ್ಟಿಗೆ ತೆರೆಯುವಾಗ, ಈಗಾಗಲೇ ಇರುವ ಒಂದನ್ನು ಬಿಟ್ಟು ಉಳಿದ 11ರಲ್ಲಿ ಯಾವುದು ಬಂದರೂ ಸರಿಯೇ. ಎಂದರೆ ಹೊಸದು ದೊರೆಯುವ ಸಂಭವನೀಯತೆ 11/12.

ಇಲ್ಲಿ ಒಂದು ಸರಳ ನಿಯಮವನ್ನು ನೆನಪಿಡಬೇಕು. ಒಂದು ಘಟನೆಯ ಸಂಭವನೀಯತೆ ಯಾವ ಭಿನ್ನರಾಶಿಯೋ, ಆ ಭಿನ್ನರಾಶಿಯನ್ನು ತಲೆಕೆಳಗು ಮಾಡಿದರೆ, ಆ ಘಟನೆಗಾಗಿ ಸರಾಸರಿ ಎಷ್ಟು ಸಲ ಪ್ರಯತ್ನಿಸಬೇಕೆಂಬುದು ದೊರೆಯುತ್ತದೆ. ದಾಳವನ್ನು ಎಸೆದಾಗ 6 ಬೀಳುವ ಸಂಭವನೀಯತೆ 1/6. ಆದುದರಿಂದ 6 ಬೀಳಲು ಸರಾಸರಿ 6 ಸಲ ಎಸೆಯಬೇಕು. ಅದರಂತೆಯೇ ಎರಡನೆಯ ಹೊಸ ಗೊಂಬೆಗೆ ಸರಾಸರಿ 12/11 ಪೆಟ್ಟಿಗೆಗಳು, ಮೂರನೆಯದಕ್ಕೆ 12/10, ನಾಲ್ಕನೆಯದಕ್ಕೆ 12/9, ಹೀಗೆ ಮುಂದುವರಿದು ಹನ್ನೆರಡನೆಯದಕ್ಕೆ 12/1, ಎಂದರೆ 12 ಪೆಟ್ಟಿಗೆಗಳು ಬೇಕು.

ಇವೆಲ್ಲವನ್ನೂ ಕೂಡಿಸಿದರೆ 37.2 ಬರುತ್ತದೆ. ಆದರೆ ಈ ಮೊತ್ತಕ್ಕಿಂತ ಅದರ ಹಂಚಿಕೆಯನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಮೊದಲ 6 ಗೊಂಬೆಗಳು ಸುಮಾರು 8 ಪೆಟ್ಟಿಗೆಗಳಲ್ಲಿ ಕೂಡಿಬರುತ್ತವೆ. ಉಳಿದ 6 ಗೊಂಬೆಗಳಿಗೆ 2, 2.4, 3, 4, 6, 12, ಒಟ್ಟು 29.4 ಪೆಟ್ಟಿಗೆಗಳು ಹಿಡಿಯುತ್ತವೆ. ಕೊನೆಯ ಮೂರಕ್ಕೆ ಮಾತ್ರವೇ 22! ಲೆಕ್ಕಕ್ಕಾಗಿ ಪೆಟ್ಟಿಗೆಯೊಂದಕ್ಕೆ 100 ರೂಪಾಯಿ ಎಂದಿಟ್ಟುಕೊಂಡರೆ, ಮೊದಲನೆಯ ಗೊಂಬೆಯ ಬೆಲೆ 100 ರೂಪಾಯಿ. ಕೊನೆಯದರ ಬೆಲೆ ಸರಾಸರಿ 1,200 ರೂಪಾಯಿ. ಎರಡೂ ಒಂದೇ ಅಚ್ಚುಮನೆಯಲ್ಲಿ, ಒಂದೇ ಬಗೆಯ ಪ್ಲಾಸ್ಟಿಕ್ಕಿನಿಂದ ಆದವು. ಕೊನೆಯದು ಅಪರೂಪದ್ದೂ ಅಲ್ಲ. ಅದು ಕೊನೆಯದಾಗಿ ಉಳಿಯಿತು ಎಂಬುದೊಂದೇ ಅದರ ದುಬಾರಿತನಕ್ಕೆ ಕಾರಣ.

ಹವ್ಯಾಸಿಯ ಅನುಭವವನ್ನು ಈ ಲೆಕ್ಕ ಚೆನ್ನಾಗಿ ವಿವರಿಸುತ್ತದೆ. ಆರಂಭದಲ್ಲಿ ತೆರೆದ ಪೆಟ್ಟಿಗೆಯೆಲ್ಲ ಹೊಸ ಗೊಂಬೆಯನ್ನೇ ಕೊಡುವಂತೆ ತೋರುತ್ತದೆ. ಅವನು ತನ್ನನ್ನು ಅದೃಷ್ಟವಂತನೆಂದು ಭಾವಿಸುತ್ತಾನೆ. ಆಮೇಲೆ ಇದ್ದದ್ದೇ ಮತ್ತೆ ಮತ್ತೆ ಬರತೊಡಗಿದಾಗ ಅದೃಷ್ಟ ಕೈಕೊಟ್ಟಿತೆಂದು ಮರುಗುತ್ತಾನೆ. ವಾಸ್ತವವಾಗಿ ಅದೃಷ್ಟವು ಬರಲೂ ಇಲ್ಲ, ಹೋಗಲೂ ಇಲ್ಲ. ಭಿನ್ನರಾಶಿಯ ಅಂಶವು ಒಂದೊಂದಾಗಿ ಕಡಿಮೆಯಾಯಿತು, ಅಷ್ಟೆ. ಬಿಡಿಬಿಡಿಯಾಗಿ ಕೊಂಡ 12 ಪೆಟ್ಟಿಗೆಗಳಲ್ಲಿ 12 ಬೇರೆ ಬೇರೆ ಗೊಂಬೆಗಳೇ ಬರುವ ಸಂಭವ ಸುಮಾರು 18,600ರಲ್ಲಿ ಒಂದು. ಸಾಮಾನ್ಯವಾಗಿ ಅವುಗಳಲ್ಲಿ 8 ಬಗೆಗಳು ಮಾತ್ರ ಇರುತ್ತವೆ.

37 ಎಂಬುದು ಸರಾಸರಿ ಎಂಬುದನ್ನು ಮರೆಯಬಾರದು. ಕೆಲವರಿಗೆ 25ರಲ್ಲಿಯೇ ಮಾಲೆ ಮುಗಿಯಬಹುದು. ಇನ್ನು ಕೆಲವರಿಗೆ 50 ದಾಟಿದರೂ ಮುಗಿಯದಿರಬಹುದು. ಮಾಲೆ ದೊಡ್ಡದಾದಂತೆ ಕಷ್ಟವು ಮಾಲೆಗಿಂತ ವೇಗವಾಗಿ ಬೆಳೆಯುತ್ತದೆ. 6 ಗೊಂಬೆಗಳ ಮಾಲೆಗೆ ಸರಾಸರಿ 14.7 ಪೆಟ್ಟಿಗೆಗಳು ಸಾಕು. ಮೇಲೆ ಹೇಳಿದ 48 ಭೂತಗಳನ್ನು ಒಂದೊಂದಾಗಿ ಮುಚ್ಚಿದ ಪೊಟ್ಟಣದಲ್ಲಿ ಮಾರುವುದಾದರೆ 214 ಪೊಟ್ಟಣಗಳು ಬೇಕಾಗುತ್ತವೆ. ಗೊಂಬೆಗಳು 8 ಪಟ್ಟು ಹೆಚ್ಚಿದರೆ ಪೊಟ್ಟಣಗಳು ಹೆಚ್ಚುಕಡಿಮೆ 15 ಪಟ್ಟಾದುವು. ಈ ಸಮಸ್ಯೆ ಗಣಿತಜ್ಞರಿಗೆ ಹೊಸದಲ್ಲ. ಡಿ ಮ್ವಾವ್ರ್, ಆಯ್ಲರ್, ಲಾಪ್ಲಾಸ್ ಮೊದಲಾದ ಮಹನೀಯರು ದಾಳ ಮತ್ತು ಲಾಟರಿಗಳ ಸಂಬಂಧದಲ್ಲಿ ಇದನ್ನು ಹಿಂದೆಯೇ ವಿಚಾರಮಾಡಿದ್ದರು.

ಪೆಟ್ಟಿಗೆಗೆ ನೆನಪಿಲ್ಲ

ಅನೇಕ ಮಾಲೆಗಳಲ್ಲಿ ಸಾಮಾನ್ಯ ಗೊಂಬೆಗಳ ಜೊತೆಗೆ ಒಂದು ‘ಗುಪ್ತ’ ಗೊಂಬೆಯೂ ಇರುತ್ತದೆ. 2023ರಲ್ಲಿ ಹೊರಬಂದ, ಚೀಲಕ್ಕೆ ತೂಗುಹಾಕುವ ಲಬುಬುಗಳ ಮಾಲೆಯಲ್ಲಿ 6 ಸಾಮಾನ್ಯ ಗೊಂಬೆಗಳು, ಒಂದು ಗುಪ್ತ ಗೊಂಬೆ. ಗುಪ್ತ ಗೊಂಬೆ ದೊರೆಯುವ ಸಂಭವನೀಯತೆ 1/72 ಎಂದು ಪ್ರಕಟಿಸಿದ್ದರು.

ಇದನ್ನು ಓದಿದವರಲ್ಲಿ ಹಲವರು, 72 ಪೆಟ್ಟಿಗೆ ಕೊಂಡರೆ ಗುಪ್ತ ಗೊಂಬೆ ಬಂದೇ ಬರುತ್ತದೆ ಎಂದು ತಿಳಿಯುತ್ತಾರೆ. ಹಾಗಲ್ಲ. ಒಂದು ಪೆಟ್ಟಿಗೆಯಲ್ಲಿ ಅದು ಇಲ್ಲದಿರುವ ಸಂಭವನೀಯತೆ 71/72. ಬೇರೆ ಬೇರೆ ಕಡೆ ಬಿಡಿಯಾಗಿ ಕೊಂಡ 72 ಪೆಟ್ಟಿಗೆಗಳಲ್ಲಿಯೂ ಇಲ್ಲದಿರುವ ಸಂಭವನೀಯತೆಯನ್ನು ತಿಳಿಯಲು 71/72 ಎಂಬುದನ್ನು 72 ಸಲ ಗುಣಿಸಬೇಕು. ಉತ್ತರ 0.365. ಅಂದರೆ 72 ಪೆಟ್ಟಿಗೆಗಳನ್ನು ಕೊಂಡ ನೂರು ಮಂದಿಯಲ್ಲಿ 36 ಅಥವಾ 37 ಮಂದಿ ಬರಿಗೈಯಲ್ಲಿಯೇ ಇರುತ್ತಾರೆ. ನೂರಕ್ಕೆ 90ರಷ್ಟು ಭರವಸೆ ಬೇಕಾದರೆ 165 ಪೆಟ್ಟಿಗೆಗಳನ್ನು ಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಅಪಾಯಕರವಾದ ಇನ್ನೊಂದು ಭ್ರಮೆಯಿದೆ. 50 ಪೆಟ್ಟಿಗೆಗಳನ್ನು ತೆರೆದು ನಿರಾಶನಾದವನು, ‘ಇಷ್ಟು ಸಲ ತಪ್ಪಿತು, ಇನ್ನು ಬರುವ ಕಾಲ ಹತ್ತಿರವಾಯಿತು’ ಎಂದುಕೊಳ್ಳುತ್ತಾನೆ. ಆದರೆ 51ನೆಯ ಪೆಟ್ಟಿಗೆಗೆ ಹಿಂದಿನ 50ರ ನೆನಪಿಲ್ಲ. ಅದರಲ್ಲಿಯೂ ಸಂಭವನೀಯತೆ 1/72 ಮಾತ್ರವೇ. ಈವರೆಗೆ ಕಳೆದ ಹಣವು ಮುಂದಿನ ಪೆಟ್ಟಿಗೆಯನ್ನು ಕೊಳ್ಳಲು ಕಾರಣವಾಗಲಾರದು. ಆದರೂ ಅದೇ ದೊಡ್ಡ ಕಾರಣವಾಗಿ ತೋರುತ್ತದೆ. ಜೂಜಿನಲ್ಲಿ ಮನೆ ಕಳೆದುಕೊಂಡವರೆಲ್ಲ ಬಿದ್ದ ಹಳ್ಳ ಇದೇ.

ಮನಸ್ಸಿನ ಪಾಲು

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಜನರು ಏಕೆ ಕೊಳ್ಳುತ್ತಾರೆ? ಇದಕ್ಕೆ ಮನಶ್ಶಾಸ್ತ್ರವು ಸ್ವಲ್ಪಮಟ್ಟಿನ ಉತ್ತರ ಕೊಟ್ಟಿದೆ. ಅಮೆರಿಕದ ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನು ಪಾರಿವಾಳಗಳ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿದನು. ಪಾರಿವಾಳವು ಒಂದು ಬಿಲ್ಲೆಯನ್ನು ಕೊಕ್ಕಿನಿಂದ ಕುಟ್ಟಿದರೆ ಕಾಳು ಬೀಳುತ್ತದೆ. ಎಷ್ಟು ಸಲ ಕುಟ್ಟಿದರೆ ಕಾಳು ಬೀಳುವುದೆಂಬುದನ್ನು ನಿಶ್ಚಿತವಾಗಿಡದೆ, ಒಮ್ಮೆ ಬೇಗನೆ, ಒಮ್ಮೆ ತಡವಾಗಿ ಬೀಳುವಂತೆ ಮಾಡಿದಾಗ, ಅದು ಬಿಡುವಿಲ್ಲದೆ, ಒಂದೇ ಸಮನೆ ಕುಟ್ಟುತ್ತ ಹೋಯಿತು. ಸ್ಕಿನ್ನರ್ ಮತ್ತು ಫರ್ಸ್ಟರ್ ಇಂಥ ಪ್ರಯೋಗಗಳ ಫಲಿತಾಂಶವನ್ನು 1957ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

2003ರಲ್ಲಿ ವುಲ್ಫ್ರಾಮ್ ಶುಲ್ಟ್ಸ್ ಮತ್ತು ಆತನ ಸಹೋದ್ಯೋಗಿಗಳು ಕೋತಿಗಳ ಮಿದುಳಿನಲ್ಲಿ, ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಪರೀಕ್ಷಿಸಿ ಇನ್ನೊಂದು ಸಂಗತಿಯನ್ನು ಕಂಡರು. ಹಣ್ಣಿನ ರಸ ದೊರೆಯುವುದು ಖಂಡಿತವೆಂದು ಕೋತಿಗೆ ಗೊತ್ತಿರುವಾಗಲೂ, ದೊರೆಯುವುದೇ ಇಲ್ಲವೆಂದು ಗೊತ್ತಿರುವಾಗಲೂ, ಕಾಯುವ ವೇಳೆಯಲ್ಲಿ ಆ ಕೋಶಗಳು ಹೆಚ್ಚಾಗಿ ಕೆರಳಲಿಲ್ಲ. ದೊರೆಯುವ ಸಂಭವವೂ ದೊರೆಯದಿರುವ ಸಂಭವವೂ ಸಮವಾಗಿದ್ದಾಗ, ರಸ ಬರುವ ಕ್ಷಣ ಸಮೀಪಿಸಿದಂತೆ ಅವುಗಳ ಚಟುವಟಿಕೆ ಏರುತ್ತ ಹೋಯಿತು. ಮನುಷ್ಯನು ಪಾರಿವಾಳವೂ ಅಲ್ಲ, ಕೋತಿಯೂ ಅಲ್ಲ. ಈ ಪ್ರಯೋಗಗಳನ್ನು ಅವನಿಗೆ ನೇರವಾಗಿ ಅನ್ವಯಿಸುವಾಗ ಎಚ್ಚರ ಬೇಕು. ಆದರೂ ಮುಚ್ಚಿದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದಾಗಿನ ಉತ್ಸಾಹವು ತೆರೆದ ಮೇಲೆ ಏಕೆ ಇಳಿದುಹೋಗುತ್ತದೆಂಬುದನ್ನು ಊಹಿಸಲು ಇವು ನೆರವಾಗುತ್ತವೆ. ಕೊಂಡವನು ಬಯಸಿದ್ದರಲ್ಲಿ ಗೊಂಬೆಯದು ಒಂದು ಪಾಲಾದರೆ, ತಿಳಿಯದಿರುವ ಆ ಕ್ಷಣದ್ದು ಇನ್ನೊಂದು ಪಾಲು. ಸಂತೆ ಜಾತ್ರೆಗಳಲ್ಲಿ ಚೀಟಿ ಎತ್ತಿಸಿ ಸಾಮಾನು ಕೊಡುವ ಅಂಗಡಿಯ ಮುಂದೆ ನಮ್ಮ ಮಕ್ಕಳು ಗುಂಪುಗೂಡುವುದೂ ಇದಕ್ಕಾಗಿಯೇ.

ಸ್ನೇಹದ ಲಾಭ

ಹಾಗಾದರೆ ಹವ್ಯಾಸಿಗೆ ದಾರಿಯೇ ಇಲ್ಲವೆ? ಇದೆ, ಅದನ್ನೂ ಗಣಿತವೇ ತೋರಿಸುತ್ತದೆ. ಆ ದಾರಿ ಎಂದರೆ ವಿನಿಮಯ.

ಇಬ್ಬರು ಸ್ನೇಹಿತರು ಬೇರೆ ಬೇರೆಯಾಗಿ 12 ಗೊಂಬೆಗಳ ಮಾಲೆಯನ್ನು ಕೂಡಿಸಿದರೆ, ಇಬ್ಬರಿಗೂ ಸೇರಿ 74 ಪೆಟ್ಟಿಗೆಗಳಿಗಿಂತ ಹೆಚ್ಚು ಬೇಕಾಗುತ್ತವೆ. ಅವರೇ ಎಲ್ಲ ಗೊಂಬೆಗಳನ್ನೂ ಒಂದೆಡೆ ರಾಶಿ ಹಾಕಿ, ಎರಡು ಪೂರ್ಣಮಾಲೆಗಳಾಗುವವರೆಗೆ ಕೂಡಿ ಕೊಂಡರೆ, ಸುಮಾರು 58 ಸಾಕು, ತಲೆಗೆ 29. ಒಬ್ಬನಿಗೆ ಹೆಚ್ಚಾಗಿ ಬಂದದ್ದು ಇನ್ನೊಬ್ಬನಿಗೆ ಬೇಕಾದದ್ದಾಗಿರುವುದೇ ಇದಕ್ಕೆ ಕಾರಣ. ಕೂಡುವವರ ಸಂಖ್ಯೆ ಹೆಚ್ಚಿದಂತೆ ತಲೆಗೆ ಬೀಳುವ ಪೆಟ್ಟಿಗೆಗಳು ಇನ್ನೂ ಕಡಿಮೆಯಾಗಿ, ಕಟ್ಟಕಡೆಗೆ 12ರ ಹತ್ತಿರಕ್ಕೆ ಬರುತ್ತವೆ. ಅಮೆರಿಕದಲ್ಲಿ ಐಸ್‌ಕ್ರೀಮಿನ ಬಟ್ಟಲುಗಳ ಮುಚ್ಚಳದ ಒಳಗೆ ಚಿತ್ರಗಳನ್ನಿಟ್ಟು ಮಾರುತ್ತಿದ್ದ ಕಾಲವೊಂದಿತ್ತು. ಆ ಬಟ್ಟಲುಗಳ ಹೆಸರಿನಲ್ಲಿಯೇ ನ್ಯೂಮನ್ ಮತ್ತು ಶೆಪ್ ಎಂಬ ಗಣಿತಜ್ಞರು 1960ರಲ್ಲಿ ಈ ಸಮಸ್ಯೆಯನ್ನು ಬಿಡಿಸಿದರು. ಮೊದಲನೆಯ ಮಾಲೆ ದುಬಾರಿ, ಅನಂತರದ ಮಾಲೆಗಳು ಅದಕ್ಕಿಂತ ಅಗ್ಗ ಎಂಬುದು ಅವರ ಲೆಕ್ಕದ ಸಾರ. ನಮ್ಮ ಉದಾಹರಣೆಯಲ್ಲಿ ಮೊದಲ ಮಾಲೆಗೆ 37 ಪೆಟ್ಟಿಗೆಗಳಾದರೆ, ಎರಡನೆಯದಕ್ಕೆ ಹೆಚ್ಚಾಗಿ ಬೇಕಾದುವು 21 ಮಾತ್ರ.

ಇನ್ನೊಂದು ಉಪಾಯವೂ ಇದೆ. ಅನೇಕ ತಯಾರಕರು ಅಂಗಡಿಗೆ ಕಳುಹಿಸುವ, ಒಡೆಯದ ದೊಡ್ಡ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 12 ಬೇರೆ ಬೇರೆ ಗೊಂಬೆಗಳನ್ನೇ ಇಡುತ್ತಾರೆ. ಗುಪ್ತ ಗೊಂಬೆ ಬಂದರೆ ಅದು ಯಾವುದೊಂದರ ಸ್ಥಾನವನ್ನು ಆಕ್ರಮಿಸುತ್ತದೆ. ಅಂಥ ಪೆಟ್ಟಿಗೆಯನ್ನು ಇಡಿಯಾಗಿ ಕೊಂಡವನಿಗೆ ಮೇಲಿನ ಲೆಕ್ಕ ಅನ್ವಯಿಸದು, ಏಕೆಂದರೆ ಅಲ್ಲಿ ಒಂದು ಗೊಂಬೆ ಬಂದ ಮೇಲೆ ಅದೇ ಮತ್ತೊಮ್ಮೆ ಬರಲಾರದು. ನಾಲ್ಕಾರು ಮಂದಿ ಸೇರಿ ಒಂದು ದೊಡ್ಡ ಪೆಟ್ಟಿಗೆಯನ್ನು ಕೊಂಡು ಹಂಚಿಕೊಂಡರೆ, ಆಟವೂ ಉಳಿಯುತ್ತದೆ, ಹಣವೂ ಉಳಿಯುತ್ತದೆ. ಪೆಟ್ಟಿಗೆಯನ್ನು ಅಲುಗಾಡಿಸಿ ಸದ್ದು ಕೇಳುವವರು, ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ ನೋಡುವವರು ಸಹ ಉಂಟು. ಅವರು ಹುಡುಕುವುದು ಗೊಂಬೆಯನ್ನಲ್ಲ, ಮಾಹಿತಿಯನ್ನು. ಒಳಗಿರುವುದೇನೆಂಬ ಅಲ್ಪ ಸುಳಿವೂ 1/12 ಎಂಬ ಭಿನ್ನರಾಶಿಯನ್ನು ದೊಡ್ಡದು ಮಾಡುತ್ತದೆ.

ಕಾನೂನು ನೋಡಿದ ಬಗೆ

ಈ ಲೆಕ್ಕವು ಬರಿಯ ಕುತೂಹಲದ ವಿಷಯವಲ್ಲವೆಂಬುದನ್ನು ಸರ್ಕಾರಗಳೂ ಮನಗಂಡಿವೆ. ಜಪಾನಿನಲ್ಲಿ ಗಾಚಾ ಯಂತ್ರದ ರೀತಿಯನ್ನು ಅನುಸರಿಸಿ ಮೊಬೈಲ್ ಫೋನಿನ ಆಟಗಳಲ್ಲಿ ಒಂದು ಪದ್ಧತಿ ಹುಟ್ಟಿಕೊಂಡಿತ್ತು. ಹಣ ಕೊಟ್ಟು ಒಂದೊಂದಾಗಿ ಎತ್ತಿದ ವಸ್ತುಗಳ ಪೂರ್ಣಮಾಲೆಯನ್ನು ಕೂಡಿಸಿದವನಿಗೆ ಮಾತ್ರ ದೊಡ್ಡ ಬಹುಮಾನ! 2012ರಲ್ಲಿ ಆ ದೇಶದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ನಿಷಿದ್ಧವೆಂದು ಸಾರಿತು. ಬಿಡಿಯಾಗಿ ಎತ್ತುವುದನ್ನು ನಿಷೇಧಿಸಲಿಲ್ಲ, ಮಾಲೆ ಪೂರ್ತಿಮಾಡುವ ಆಮಿಷವನ್ನು ನಿಷೇಧಿಸಿತು ಎಂಬುದನ್ನು ಗಮನಿಸಬೇಕು. ಕೊನೆಯ ಒಂದು ಎಷ್ಟು ದುರ್ಲಭವೆಂಬುದು ಕೊಳ್ಳುವವನ ಊಹೆಗೆ ನಿಲುಕುವುದಿಲ್ಲವೆಂಬುದನ್ನು ನಾವು ಈಗಾಗಲೇ ನೋಡಿದ್ದೇವೆ.

ಚೀನಾದಲ್ಲಿ 2022ರ ಜನವರಿಯಲ್ಲಿ ಷಾಂಘೈ ನಗರದ ಅಧಿಕಾರಿಗಳು ಮುಚ್ಚುಪೆಟ್ಟಿಗೆಯೊಂದರ ಬೆಲೆ 200 ಯುವಾನುಗಳನ್ನು ಮೀರಬಾರದೆಂಬ ಸೂಚನೆಯನ್ನು ಹೊರಡಿಸಿದರು. 2023ರ ಜೂನಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಬಂದಿತು. ಅದರ ಪ್ರಕಾರ 8 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಇಂಥ ಪೆಟ್ಟಿಗೆಗಳನ್ನು ಮಾರಕೂಡದು. ಯಾವ ಗೊಂಬೆ ಯಾವ ಪ್ರಮಾಣದಲ್ಲಿ ದೊರೆಯುವುದೆಂಬುದನ್ನು ಮಾರುವವರು ಪ್ರಕಟಿಸಬೇಕು. ಆದರೆ 1/72 ಎಂದು ಪೆಟ್ಟಿಗೆಯ ಮೇಲೆ ಅಚ್ಚುಮಾಡಿದ ಮಾತ್ರಕ್ಕೆ ಪ್ರಯೋಜನವೇನು? ಅದನ್ನು ಓದಿ ಅರ್ಥಮಾಡಿಕೊಳ್ಳುವವನಿಗೆ ಮಾತ್ರ ಅದು ರಕ್ಷಣೆ.

ಓದಿದ್ದನ್ನು ಮನೆಯಲ್ಲಿಯೇ ಪರೀಕ್ಷಿಸುವುದು ಸುಲಭ. ಒಂದೇ ಅಳತೆಯ 12 ಚೀಟಿಗಳ ಮೇಲೆ ನಿಮಗೆ ಇಷ್ಟವಾದ 12 ರಾಕ್ಷಸರ ಹೆಸರುಗಳನ್ನು ಬರೆದು, ಮಡಚಿ, ಒಂದು ಪಾತ್ರೆಯಲ್ಲಿ ಹಾಕಿರಿ. ಕಣ್ಣುಮುಚ್ಚಿ ಒಂದನ್ನು ಎತ್ತಿ, ಹೆಸರನ್ನು ಗುರುತುಮಾಡಿ, ಚೀಟಿಯನ್ನು ಮತ್ತೆ ಪಾತ್ರೆಗೆ ಹಾಕಿ ಕಲಕಿರಿ. 12 ಹೆಸರುಗಳೂ ಒಮ್ಮೆಯಾದರೂ ಬರುವವರೆಗೆ ಇದನ್ನು ಮುಂದುವರಿಸಿ, ಎಷ್ಟು ಸಲ ಎತ್ತಿದಿರೆಂದು ಎಣಿಸಿರಿ. ತರಗತಿಯ 30 ವಿದ್ಯಾರ್ಥಿಗಳು ಒಬ್ಬೊಬ್ಬರೂ ಹೀಗೆ ಮಾಡಿ ಸರಾಸರಿಯನ್ನು ತೆಗೆದರೆ ಅದು 37ರ ಆಸುಪಾಸಿನಲ್ಲಿ ಬರುತ್ತದೆ. ಕೊನೆಯ ಹೆಸರಿಗಾಗಿ ಮತ್ತೆ ಮತ್ತೆ ಎತ್ತುತ್ತಿರುವಾಗ ಮನಸ್ಸಿನಲ್ಲಿ ಏಳುವ ತಹತಹವನ್ನೂ ಅಲ್ಲಿಯೇ ಗಮನಿಸಬಹುದು. ಪೆಟ್ಟಿಗೆಯನ್ನು ಕೊಳ್ಳಲು ಅಂಗಡಿಯ ಮುಂದೆ ನಿಂತಾಗ ಏಳುವುದೂ ಅದೇ ತಹತಹ. ಚೀಟಿಯ ಆಟದಲ್ಲಿ ಅದನ್ನು ಪರಿಚಯಮಾಡಿಕೊಂಡರೆ ಕಾಸು ಖರ್ಚಾಗುವುದಿಲ್ಲ.